ನೇವಿ ರಮ್‌ಗೆ ನೀರು ಬೆರೆಸಬೇಕೆ? ಬೆರೆಸುವುದಾದರೆ ಎಷ್ಟು?

ಪ್ರಶ್ನೆ: ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆಯವರು. ಭಾವಮೈದ ಹೊರದೇಶದಿಂದ ಬರುವಾಗ ಪಸ್ಸರ್ಸ್ ಗನ್‌ಪೌಡರ್ ಪ್ರೂಫ್ ಅನ್ನೋ ರಮ್ ತಂದುಕೊಟ್ಟಿದ್ದಾನೆ. ಲೇಬಲ್ ಮೇಲೆ ಶೇ. 54.5 ಅಂತಿದೆ. ತೆರೆದು ಮೂಸಿದರೆ ನೈಲ್ ಪಾಲಿಶ್ ಥರ ಘಾಟು. ಒಂದು ಗುಟುಕು ಕುಡಿದೆ, ಎದೆವರೆಗೂ ಉರಿ. ನಮ್ಮ ಮಾವ ಮಿಲಿಟರಿಯಲ್ಲಿದ್ದವರು. ರಮ್‌ಗೆ ನೀರು ಬೆರೆಸಿದರೆ ಕೆಟ್ಟುಹೋಗುತ್ತೆ, ರಾ ಹೊಡೀಬೇಕು ಅಂತಾರೆ. ಗೆಳೆಯರು ಕೋಲಾ ಹಾಕು ಅಂತಾರೆ. ಇಂಥ ಬಾಟಲಿ ಮತ್ತೆ ಸಿಗೋದು ಕಷ್ಟ, ಹಾಳು ಮಾಡೋಕೆ ಮನಸ್ಸಿಲ್ಲ. ರುಚಿ ನೋಡುವ ಸರಿಯಾದ ಕ್ರಮ ಯಾವುದು? ತೆರೆದ ಮೇಲೆ ಎಷ್ಟು ದಿನ ಇಡಬಹುದು?

ಉತ್ತರ: ನೀರು ಬೆರೆಸಿ. ಎಷ್ಟು ಬೆರೆಸಬೇಕು, ಹೇಗೆ ಬೆರೆಸಬೇಕು, ಬೆರೆಸುತ್ತಾ ಏನನ್ನು ಗಮನಿಸಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮಾವನವರ ಮಾತಿಗೂ ಒಂದು ಕಾರಣ ಇದೆ. ಅವರಿಗೆ ಅಭ್ಯಾಸವಾಗಿರುವ ಕ್ಯಾಂಟೀನ್ ರಮ್ ಸಾಮಾನ್ಯವಾಗಿ ಶೇ. 42.8ರದು. ಅದಕ್ಕೆ ಡಿಸ್ಟಿಲರಿಯಲ್ಲೇ ನೀರು ಬೆರೆಸಿ ಬಾಟಲಿಗೆ ತುಂಬಿರುತ್ತಾರೆ. ಪೀಪಾಯಿಯಿಂದ ಹೊರಬರುವಾಗ ಅದೂ ಬೆಂಕಿಯಂತೆಯೇ ಇರುತ್ತದೆ. ನಿಮ್ಮ ಬಾಟಲಿಯಲ್ಲಿ ಆ ಕೆಲಸವನ್ನು ನಡುವೆ ನಿಲ್ಲಿಸಿದ್ದಾರೆ. ಉಳಿದದ್ದನ್ನು ಕುಡಿಯುವವರು ತಮಗೆ ಬೇಕಾದಷ್ಟು ಮಾಡಿಕೊಳ್ಳಲಿ ಅನ್ನುವುದು ಅದರ ಉದ್ದೇಶ.

ಈ 42.8 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? 42 ಅಲ್ಲ, 43 ಅಲ್ಲ, 42.8. ಬ್ರಿಟಿಷರ ಹಳೆಯ ಅಳತೆಯಲ್ಲಿ 100 ಡಿಗ್ರಿ ಪ್ರೂಫ್ ಅಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು ಶೇ. 57.15 ಆಲ್ಕೋಹಾಲ್. ಅದರಲ್ಲಿ ಮುಕ್ಕಾಲು ಭಾಗ, ಅಂದರೆ 75 ಡಿಗ್ರಿ, ಹತ್ತಿರ ಹತ್ತಿರ 42.8 ಆಗುತ್ತದೆ. ನಮ್ಮ ಬಾಟಲಿಗಳ ಮೇಲೆ ಸಣ್ಣ ಅಕ್ಷರದಲ್ಲಿ 75 ಡಿಗ್ರಿ ಪ್ರೂಫ್ ಅಂತಲೋ 25 ಯು.ಪಿ. (ಅಂಡರ್ ಪ್ರೂಫ್, ಅಂದರೆ ನೂರಕ್ಕಿಂತ 25 ಡಿಗ್ರಿ ಕಡಿಮೆ) ಅಂತಲೋ ಕಾಣುವುದು ಅದೇ. ಬ್ರಿಟಿಷ್ ನೌಕಾಪಡೆ ಕೊಡುತ್ತಿದ್ದ ರಮ್ 95.5 ಡಿಗ್ರಿಯದು, ಅಂದರೆ ಸುಮಾರು ಶೇ. 54.6. ಅದೇ ಮಾದರಿಯ ನಿಮ್ಮ ಬಾಟಲಿಯದೂ ಹೆಚ್ಚುಕಡಿಮೆ ಅಷ್ಟೇ. ಮಾವನವರ ರಮ್ಮೂ ನಿಮ್ಮ ರಮ್ಮೂ ಒಂದೇ ಅಳತೆಪಟ್ಟಿಯ ಎರಡು ಗೆರೆಗಳು. ಮದ್ದಿನ ಪುಡಿಗೆ ರಮ್ ಸುರಿದು ಬೆಂಕಿ ಹಚ್ಚಿ, ಹತ್ತಿಕೊಂಡರೆ ಗಟ್ಟಿ ರಮ್ ಅಂತ ಒಪ್ಪುತ್ತಿದ್ದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿಮ್ಮ ಬಾಟಲಿಯ ಹೆಸರು ಆ ಕಥೆಯಿಂದಲೇ ಬಂದದ್ದು. ಇಂಥ ಪರೀಕ್ಷೆಗಳ ಬದಲು ಬ್ರಿಟನ್ನಿನಲ್ಲಿ 1816ರಿಂದ, ದ್ರವದಲ್ಲಿ ತೇಲಿಬಿಟ್ಟು ಅದರ ಬಲ ಅಳೆಯುವ ಸೈಕ್ಸ್ ಹೈಡ್ರೋಮೀಟರನ್ನೇ ಅಧಿಕೃತ ಅಳತೆ ಅಂತ ಕಾನೂನು ಒಪ್ಪಿಕೊಂಡಿತು.

ಇನ್ನು ರಾ ಹೊಡೆಯುವ ವಿಷಯ. ನೌಕಾಪಡೆಯವರು 1655ರಲ್ಲಿ ಜಮೈಕಾ ಹಿಡಿದ ಮೇಲೆ ಹಡಗುಗಳಲ್ಲಿ ರಮ್ ಹಂಚುವುದು ಶುರುವಾಯಿತು. 1731ರಲ್ಲಿ ಅದು ಅಧಿಕೃತ ಪಡಿತರಕ್ಕೆ ಸೇರಿತು. ದಿನಕ್ಕೆ ಅರ್ಧ ಪೈಂಟ್, ನಮ್ಮ ಕ್ವಾರ್ಟರ್ ಬಾಟಲಿಗಿಂತ ಜಾಸ್ತಿ, ಅದೂ ನೀರಿಲ್ಲದೆ. ಪರಿಣಾಮ ಏನಾಯಿತು ಅಂತ ಊಹಿಸಬಹುದು. ನಾವಿಕರು ಹಗ್ಗದ ಮೇಲಿಂದ ಬೀಳುವುದು, ಜಗಳ, ಶಿಕ್ಷೆ. 1740ರ ಆಗಸ್ಟ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ವರ್ನನ್ ಆಜ್ಞೆ ಹೊರಡಿಸಿದ: ಒಂದು ಪಾಲು ರಮ್‌ಗೆ ನಾಲ್ಕು ಪಾಲು ನೀರು ಬೆರೆಸಿ, ದಿನಕ್ಕೆ ಎರಡು ಸಲವಾಗಿ ಕೊಡಬೇಕು. ಅದೇ ಗ್ರಾಗ್. ಕೊನೆಕೊನೆಗೆ ಪಾಲು 71 ಮಿ.ಲೀ.ಗೆ ಇಳಿಯಿತು. ಆಗಲೂ ಸಾಮಾನ್ಯ ನಾವಿಕರಿಗೆ ಎರಡು ಪಾಲು ನೀರು ಸೇರಿಸಿಯೇ ಕೊಡುತ್ತಿದ್ದರು. ಪೆಟಿ ಆಫೀಸರ್ ದರ್ಜೆಯವರಿಗೆ ಮಾತ್ರ ನೀರಿಲ್ಲದೆ ಸಿಗುತ್ತಿತ್ತು. 1970ರ ಜುಲೈ 31ರಂದು ಈ ಪದ್ಧತಿಯೇ ನಿಂತಿತು. 1979ರಲ್ಲಿ ಚಾರ್ಲ್ಸ್ ಟೋಬಿಯಾಸ್ ಎಂಬಾತ ನೌಕಾಪಡೆಯ ಅನುಮತಿ ಪಡೆದು ಅದೇ ಮಾದರಿಯ ಮಿಶ್ರಣವನ್ನು ಮಾರಲು ಶುರುಮಾಡಿದ. ನಿಮ್ಮ ಕೈಯಲ್ಲಿರುವುದು ಅದು. ಇದನ್ನು ಮಾವನವರಿಗೆ ಹೇಳಿ. ಮಿಲಿಟರಿಯ ಮಾತಿಗೆ ಮಿಲಿಟರಿಯದೇ ಉತ್ತರ ಇದ್ದರೆ ಅವರೂ ಒಪ್ಪಬಹುದು.

ಈಗ ಆ ನೈಲ್ ಪಾಲಿಶ್ ವಾಸನೆಗೆ ಬರೋಣ. ಇಲ್ಲೇ ಹೆಚ್ಚಿನವರು ಹಿಂದೆ ಸರಿಯುವುದು. ರಮ್‌ನ ಮೂಲ ಕಾಕಂಬಿ. ಅದಕ್ಕೆ ನೀರು, ಯೀಸ್ಟ್ ಸೇರಿಸಿ ಹುಳಿಯಲು ಬಿಡುತ್ತಾರೆ. ಹುಳಿಯುವಾಗ ಆಲ್ಕೋಹಾಲ್ ಜೊತೆಗೆ ಆಮ್ಲಗಳೂ ಹುಟ್ಟುತ್ತವೆ. ಇವೆರಡೂ ಕೂಡಿದಾಗ ಎಸ್ಟರ್‌ಗಳು ಆಗುತ್ತವೆ. ಹಣ್ಣಿನ ಘಮ ಅಂತ ನಾವು ಹೇಳುವುದರಲ್ಲಿ ಬಹುಪಾಲು ಈ ಎಸ್ಟರ್‌ಗಳದ್ದೇ. ಒಂದು ಎಸ್ಟರ್ ಬಾಳೆಹಣ್ಣಿನ ವಾಸನೆ ಕೊಡುತ್ತದೆ, ಇನ್ನೊಂದು ಅನಾನಸ್‌ದು. ಈಥೈಲ್ ಅಸಿಟೇಟ್ ಅನ್ನುವುದು ಜಾಸ್ತಿಯಾದರೆ ನೈಲ್ ಪಾಲಿಶ್ ವಾಸನೆ.

ನೀವು ಶ್ರೀನಿವಾಸಪುರದವರು, ಈ ವಾಸನೆ ನಿಮಗೆ ಹೊಸದೇನಲ್ಲ. ಜೂನ್ ತಿಂಗಳಲ್ಲಿ ಮಾವಿನ ಮಂಡಿಗೆ ಹೋಗಿ. ರಾಶಿಯ ಮೇಲಿನ ಹಣ್ಣು ಮೂಸಿದರೆ ಬರೀ ಸಿಹಿ. ರಾಶಿಯ ಅಡಿಯಲ್ಲಿ ಬಿಸಿಗೆ ಅದುಮಿ ಮೆತ್ತಗಾದ, ತೊಟ್ಟಿನ ಹತ್ತಿರ ರಸ ಒಸರುವ ರಸಪುರಿ ಹಣ್ಣನ್ನು ತೆಗೆದು ಮೂಸಿ. ಸಿಹಿಯ ಹಿಂದೆಯೇ ಮೂಗಿನ ಮೇಲೆ ಚುಚ್ಚುವ ಒಂದು ಘಾಟು ಇರುತ್ತದೆ. ಅದೇ ಸಂಬಂಧಿಕರ ಗುಂಪು. ಅತಿಯಾಗಿ ಕಳಿತ ಹಣ್ಣಿನಲ್ಲೂ ಈಥೈಲ್ ಅಸಿಟೇಟ್ ಏಳುತ್ತದೆ. ಹಣ್ಣಿನಲ್ಲಿ ಅದನ್ನು ನೀವು ಹೆದರದೆ ಗುರುತಿಸುತ್ತೀರಿ. ಗ್ಲಾಸಿನಲ್ಲಿ ಕಂಡಾಗ ಕೆಮಿಕಲ್ ಅನ್ನಿಸುವುದಕ್ಕೆ ಕಾರಣ, ಅದರ ಜೊತೆ ಆಲ್ಕೋಹಾಲ್ ಕೂಡ ಒಟ್ಟಿಗೇ ಮೂಗಿಗೆ ನುಗ್ಗುವುದು. ಆಲ್ಕೋಹಾಲನ್ನು ಸ್ವಲ್ಪ ತಗ್ಗಿಸಿದರೆ ಹಿಂದಿರುವ ಹಣ್ಣು ಕಾಣಿಸುತ್ತದೆ.

ಜಮೈಕಾದ ಕೆಲವು ಡಿಸ್ಟಿಲರಿಗಳು ಈ ಎಸ್ಟರ್‌ಗಳನ್ನು ಬೇಕೆಂದೇ ಬೆಳೆಸುತ್ತವೆ. ಹಿಂದಿನ ಭಟ್ಟಿಯಲ್ಲಿ ಉಳಿದ ಗಸಿಯನ್ನು ಇಟ್ಟುಕೊಂಡು ಹೊಸ ಕಾಕಂಬಿಗೆ ಸೇರಿಸುತ್ತವೆ, ವಾರಗಟ್ಟಲೆ ಹುಳಿಸುತ್ತವೆ. ಹ್ಯಾಂಪ್‌ಡೆನ್ ಡಿಸ್ಟಿಲರಿ ಇದಕ್ಕೇ ಹೆಸರುವಾಸಿ. ನಿಮ್ಮ ಬಾಟಲಿಯ ಸ್ವಭಾವ ಅದಲ್ಲ. ನೇವಿ ಮಿಶ್ರಣದ ಬೆನ್ನೆಲುಬು ಗಯಾನಾ ದೇಶದ ಡೆಮೆರಾರಾ ರಮ್. ಅಲ್ಲಿ ಪೋರ್ಟ್ ಮೌರಾಂಟ್ ಅನ್ನುವ ಹಳೆಯ ಭಟ್ಟಿ ಇದೆ. ಅದರ ಪಾತ್ರೆಗಳು ಮರದವು, ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದ ಹಲಗೆಗಳಿಂದ ಕಟ್ಟಿದವು. ತಾಮ್ರದ ಭಟ್ಟಿಯಲ್ಲಿ ತಾಮ್ರ ಕೆಲವು ಒರಟು ವಾಸನೆಗಳನ್ನು ಹಿಡಿದುಕೊಳ್ಳುತ್ತದೆ. ಮರದ ಪಾತ್ರೆಯಲ್ಲಿ ತಾಮ್ರದ ಪಾಲು ಕಡಿಮೆ. ಹಾಗಾಗಿ ಅಲ್ಲಿಂದ ಇಳಿಯುವ ಸ್ಪಿರಿಟ್ ದಪ್ಪ, ಭಾರ. ಸೀದ ಬೆಲ್ಲ, ಸೋಂಪು, ಜ್ಯೇಷ್ಠಮಧು, ಒದ್ದೆ ಮರ ಇಂಥ ಘಮಗಳು ಅದರ ಗುರುತು. ಒಮ್ಮೆ ಪರಿಚಯವಾದರೆ ಕಣ್ಣು ಮುಚ್ಚಿ ಹೇಳಬಹುದು. ನನಗೆ ಜಗತ್ತಿನ ರಮ್‌ಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ.

ನಮ್ಮಲ್ಲಿಯ ಹೆಚ್ಚಿನ ರಮ್ ಕೂಡ ಕಾಕಂಬಿಯಿಂದಲೇ ಆಗುವುದು. ಆದರೆ ಎತ್ತರದ ಕಾಲಂ ಭಟ್ಟಿಗಳಲ್ಲಿ ತುಂಬಾ ಶುದ್ಧವಾಗಿ ಇಳಿಸಿದ ಸ್ಪಿರಿಟ್ ಅದರ ಬುನಾದಿ. ಅದಕ್ಕೇ ಮೆದು. 1954ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ ಮಂಕ್ ಮೂಸಿದರೆ ಮೊದಲು ವೆನಿಲ್ಲಾ ಬರುತ್ತದೆ, ಆಮೇಲೆ ಸಿಹಿ. ಎರಡೂ ಬೇರೆ ಬೇರೆ ದಾರಿ. ಬಣ್ಣ ನೋಡಿ ಮಾತ್ರ ತೂಕ ಹಾಕಬೇಡಿ. ಕಪ್ಪು ರಮ್‌ಗಳ ಬಣ್ಣದಲ್ಲಿ ಬಹುಪಾಲು ಸುಟ್ಟ ಸಕ್ಕರೆಯದು, ವಯಸ್ಸಿನದಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ. ರುಚಿ ನೋಡುವುದು ಸಂಜೆ, ಊಟಕ್ಕೆ ಮುಂಚೆ ಆದರೆ ಒಳ್ಳೆಯದು. ಪೂರ್ತಿ ಖಾಲಿ ಹೊಟ್ಟೆ ಬೇಡ. ಹಿಂದಿನ ಒಂದು ಗಂಟೆಯಲ್ಲಿ ಕಾಫಿ, ಎಲೆ ಅಡಿಕೆ, ಸಿಗರೇಟು ಬೇಡ. ಕೋಣೆಯಲ್ಲಿ ಊದುಬತ್ತಿ ಹಚ್ಚಿರಬಾರದು, ಅಡುಗೆಮನೆಯಲ್ಲಿ ಒಗ್ಗರಣೆ ಬೀಳುತ್ತಿರಬಾರದು. ಏಪ್ರಿಲ್ ಸೆಕೆಯಲ್ಲಿ ಈ ರಮ್ ತೆರೆಯಬೇಡಿ. ಬಿಸಿಗೆ ಆಲ್ಕೋಹಾಲ್ ಬೇಗ ಮೇಲೇಳುತ್ತದೆ, ಘಾಟೇ ಜಾಸ್ತಿಯಾಗುತ್ತದೆ. ನಮ್ಮ ಕಡೆಯ ಡಿಸೆಂಬರ್, ಜನವರಿ ಚಳಿ ಇದಕ್ಕೆ ಸರಿಯಾದ ಕಾಲ.

ಗ್ಲಾಸ್ ಬಾಯಿ ಕಿರಿದಾಗಿರಲಿ. ಸಣ್ಣ ವೈನ್ ಗ್ಲಾಸ್ ಸಾಕು. ಸ್ಟೀಲ್ ಲೋಟ ಬೇಡ, ಬಾಯಿ ಅಗಲ, ಘಮ ನಿಲ್ಲುವುದಿಲ್ಲ.

ನೀರಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವು ಊರುಗಳಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಕುಡಿಯಲೇ ಆಗದ ನೀರನ್ನು ರಮ್‌ಗೆ ಹಾಕಬೇಡಿ. ಗಡಸು ನೀರು ಬಿದ್ದರೆ ನಾಲಗೆಗೆ ಒಂಥರಾ ಸೀಮೆಸುಣ್ಣದ ರುಚಿ ಹತ್ತುತ್ತದೆ, ರಮ್‌ನ ಸಿಹಿ ಮಂಕಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಸಾಕು. ಫ್ರಿಜ್‌ನಿಂದ ತೆಗೆದ ತಣ್ಣೀರು ಬೇಡ, ಕೋಣೆಯ ಬಿಸಿಯಲ್ಲೇ ಇರಲಿ. ಮಡಕೆಯ ನೀರು ಕುಡಿಯಲು ಹಿತ, ಆದರೆ ಮಣ್ಣಿನ ವಾಸನೆ ಬರುತ್ತದೆ, ಇಲ್ಲಿ ಬೇಡ.

30 ಮಿ.ಲೀ. ಗ್ಲಾಸಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ಮೊದಲು ಏಳುವ ಘಾಟು ಅಷ್ಟರಲ್ಲಿ ಸ್ವಲ್ಪ ಹೋಗಿರುತ್ತದೆ. ಗ್ಲಾಸನ್ನು ವೈನ್ ತಿರುಗಿಸುವ ಹಾಗೆ ಗರಗರ ತಿರುಗಿಸಬೇಡಿ. ಮೂಗನ್ನು ಒಳಗೆ ತುರುಕಬೇಡಿ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡು, ಮೆಲ್ಲಗೆ ಮೇಲಕ್ಕೆ ತನ್ನಿ. ಚುಚ್ಚಲು ಶುರುವಾಗುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಒಂದು ಬೆರಳಷ್ಟು ಕೆಳಗೆ ನಿಮ್ಮ ಜಾಗ.

ಈಗ ಟೀ ಚಮಚ ತೆಗೆದುಕೊಳ್ಳಿ, ಸುಮಾರು 5 ಮಿ.ಲೀ.ದು. 30 ಮಿ.ಲೀ.ಗೆ ಒಂದು ಚಮಚ ನೀರು ಹಾಕಿದರೆ 54.5 ಇದ್ದದ್ದು ಸುಮಾರು 46.7ಕ್ಕೆ ಇಳಿಯುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಮೂಸಿ. ನೈಲ್ ಪಾಲಿಶ್ ಹಿಂದೆ ಸರಿದು ಬೆಲ್ಲ ಮುಂದೆ ಬಂದಿರುತ್ತದೆ. ಬರೀ ಬೆಲ್ಲವಲ್ಲ, ಆಲೆಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಹತ್ತಿ ಕಪ್ಪಾದ ಪಾಕದ ವಾಸನೆ. ಎರಡನೇ ಚಮಚಕ್ಕೆ 40.9. ಈಗ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಲವಂಗ ಹುಡುಕಿ. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕೇಕ್‌ಗೆ ಅಂತ ರಮ್‌ನಲ್ಲಿ ನೆನೆಹಾಕಿದ ಒಣಹಣ್ಣಿನ ಭರಣಿ ತೆರೆದಾಗಿನ ಘಮ ನಿಮಗೆ ಗೊತ್ತಿದ್ದರೆ ಕೆಲಸ ಸುಲಭ. ಐದು ಚಮಚಕ್ಕೆ ಹೋದರೆ ಶೇ. 30ರ ಹತ್ತಿರ. ಅಲ್ಲಿ ಸೋಂಪು ಚೆನ್ನಾಗಿ ಕಾಣುತ್ತದೆ, ಆದರೆ ಬಾಯಲ್ಲಿ ರಮ್ ತೆಳ್ಳಗಾಗಿರುತ್ತದೆ.

ನೀರಿಗೆ ಇಷ್ಟು ಶಕ್ತಿ ಯಾಕೆ? ಘಮದ ಅಂಶಗಳಲ್ಲಿ ಹಲವು ನೀರಿಗಿಂತ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ. ಆಲ್ಕೋಹಾಲ್ ಜಾಸ್ತಿ ಇರುವವರೆಗೆ ಅದರೊಳಗೇ ಇರುತ್ತವೆ. ನೀರು ಬಿದ್ದಾಗ ಹಿಡಿತ ಸಡಿಲವಾಗಿ ಮೇಲಕ್ಕೆ ಬರುತ್ತವೆ. ಡಿಸ್ಟಿಲರಿಗಳಲ್ಲಿ ಬ್ಲೆಂಡರ್‌ಗಳು, ಅಂದರೆ ಮಿಶ್ರಣ ಮಾಡುವ ಕಸುಬುದಾರರು, ಮಾದರಿಗಳನ್ನು ಮೂಸಿ ತೀರ್ಮಾನ ಮಾಡುವಾಗ ಶೇ. 20ರ ಹತ್ತಿರಕ್ಕೆ ಇಳಿಸಿಕೊಳ್ಳುವುದು ಮಾಮೂಲು. ಇದೇ ಕಸುಬಿನವರು ನೀರು ಹಾಕಿ ನೋಡುವಾಗ ನಾವು ಹಾಕಲು ಸಂಕೋಚಪಡುವುದು ಬೇಡ. ಬಾಯಿಗೆ ನನ್ನ ಆಯ್ಕೆ ಒಂದೂವರೆ ಚಮಚ. ನಿಮ್ಮದು ಎರಡೂ ಆಗಬಹುದು, ಮೂರೂ ಆಗಬಹುದು. ಘಾಟು ಕಡಿಮೆಯಾಗಿ ಘಮ ಇನ್ನೂ ತುಂಬಿರುವ ಒಂದು ಜಾಗ ಸಿಗುತ್ತದೆ, ಅಲ್ಲಿ ನಿಲ್ಲಿ.

ಮೊದಲ ಗುಟುಕು ಅರ್ಧ ಚಮಚದಷ್ಟಿರಲಿ. ಇದನ್ನು ಲೆಕ್ಕಕ್ಕೆ ಇಡಬೇಡಿ, ನಾಲಗೆ ಹೊಂದಿಕೊಳ್ಳಲಿ ಅಂತ ಅಷ್ಟೇ. ಎರಡನೆಯದನ್ನು ನಾಲಗೆಯ ಮೇಲೆಲ್ಲ ಹರಡಿ, ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಿ. ಬಾಯಲ್ಲಿ ಜೊಲ್ಲು ಊರಿ ಉರಿ ತಾನಾಗಿ ತಣ್ಣಗಾಗುತ್ತದೆ. ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಈ ರಮ್‌ನ ದೊಡ್ಡತನ ಇರುವುದು ಇಲ್ಲಿ. ಮೊದಲು ಸಿಹಿ, ಆಮೇಲೆ ಮೆಣಸಿನ ಖಾರ, ಕೊನೆಗೆ ಒಣ ಮರದ ಒಗರು. ಆ ಒಗರು ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲುತ್ತದೆ. ಬರೀ ಸಿಹಿ ನಿಂತು ತುಟಿಗೆ ತುಟಿ ಅಂಟಿದರೆ ಅಂಥ ರಮ್‌ಗೆ ಸಕ್ಕರೆ ಸೇರಿಸಿರುತ್ತಾರೆ. ಅನುಮಾನ ಇದ್ದರೆ ಒಂದು ಚಮಚ ರಮ್ ತಟ್ಟೆಗೆ ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಗ್ಗೆ ಬೆರಳಿಗೆ ಅಂಟು ಹತ್ತಿದರೆ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಎರಡು ಹನಿ ಅಂಗೈಗೆ ಹಾಕಿ ಚೆನ್ನಾಗಿ ಉಜ್ಜಿ. ಆಲ್ಕೋಹಾಲ್ ಆರಿಹೋಗುತ್ತದೆ. ಕೈ ಬೊಗಸೆ ಮಾಡಿ ಮೂಸಿ. ಉಳಿದಿರುವುದು ಕಾಕಂಬಿ ಮತ್ತು ಮರ, ಘಾಟಿಲ್ಲದೆ. ನೈಲ್ ಪಾಲಿಶ್ ಅಂತ ಹೆದರಿದವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ.

ಮಾವನವರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಅವರ ರಮ್ ಒಂದು ಗ್ಲಾಸಿಗೆ 30 ಮಿ.ಲೀ. ಹಾಗೇ ಹಾಕಿ. ನಿಮ್ಮದು ಇನ್ನೊಂದಕ್ಕೆ 30 ಮಿ.ಲೀ. ಹಾಕಿ, 8 ಮಿ.ಲೀ. ನೀರು ಸೇರಿಸಿ. ಈಗ ಎರಡೂ 42.8ರ ಹತ್ತಿರ. ಯಾವುದು ಗಟ್ಟಿ ಅನ್ನುವ ಮಾತು ಬದಿಗೆ ಸರಿಯುತ್ತದೆ, ಯಾವುದರಲ್ಲಿ ಏನಿದೆ ಅನ್ನುವುದು ಮಾತ್ರ ಉಳಿಯುತ್ತದೆ. ರಮ್‌ಗಳನ್ನು ಹೋಲಿಸುವಾಗ ಸಮ ಬಲಕ್ಕೆ ತರದಿದ್ದರೆ ಗಟ್ಟಿಯಾದದ್ದೇ ಒಳ್ಳೆಯದು ಅನ್ನಿಸಿಬಿಡುತ್ತದೆ. ಮೂರನೇ ಗ್ಲಾಸ್ ಬೇಕಾದರೆ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಟೂ ಇಂಡೀಸ್ ಸೇರಿಸಿ. ವೆಸ್ಟ್ ಇಂಡೀಸ್ ರಮ್‌ಗಳ ಜೊತೆ ನಮ್ಮ ಬೆಲ್ಲದಿಂದ ಇಳಿಸಿದ ರಮ್ ಬೆರೆಸಿ ಮಾಡಿದ್ದು, ಎರಡರ ನಡುವಿನ ಜಾಗ ಅದು.

ಹೋಲಿಸುವಾಗ ಗುಟುಕು ಬಾಯಲ್ಲಿ ಆಡಿಸಿ ಉಗಿಯಬಹುದು. ಅದು ಅವಮಾನ ಅಲ್ಲ, ಕಸುಬಿನವರು ಮಾಡುವುದೇ ಹಾಗೆ. ಲೆಕ್ಕ ಮಾತ್ರ ನೆನಪಿರಲಿ: ಈ ರಮ್‌ನ ನಾಲ್ಕು ಸಣ್ಣ ಪೆಗ್, ನಮ್ಮ ಮಾಮೂಲಿ ರಮ್‌ನ ಐದಕ್ಕೆ ಸಮ. ಒಂದು ಸಂಜೆಗೆ 30 ಮಿ.ಲೀ. ತೆಗೆದುಕೊಂಡು ಮುಕ್ಕಾಲು ಗಂಟೆ ಕೂತರೆ ಸಾಕಷ್ಟು ರುಚಿ ಸಿಗುತ್ತದೆ. ಆಮೇಲೆ ಗಾಡಿ ಮುಟ್ಟಬೇಡಿ. ಮಾವನವರು ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಡಾಕ್ಟರನ್ನು ಕೇಳದೆ ಒಂದು ಹನಿಯೂ ಬೇಡ, ಅವರು ಮೂಸಿ ನೋಡಲಿ.

ನೆಂಚಿಕೊಳ್ಳಲು ಖಾರದ ಪದಾರ್ಥ ಬೇಡ. ಚಿಲ್ಲಿ ಚಿಕನ್ ಬಾಯಿಗೆ ಬಿದ್ದರೆ ರಮ್‌ನ ಮೆಣಸು, ಒಗರು ಎರಡೂ ಮುಚ್ಚಿಹೋಗುತ್ತವೆ. ಹುರಿದ ಕಡಲೆಕಾಯಿ, ಒಂದು ಚೂರು ಕೊಬ್ಬರಿ ಸಾಕು. ನಿಜವಾಗಿ ಹೊಂದುವುದು ಬೇಳೆ ಒಬ್ಬಟ್ಟು. ಹೂರಣದ ಬೆಲ್ಲ, ಏಲಕ್ಕಿ, ಮೇಲಿನ ತುಪ್ಪ ಇವೆಲ್ಲ ಡೆಮೆರಾರಾ ರಮ್ ಜೊತೆ ಹೇಗೆ ಕೂಡುತ್ತವೆ ಅಂತ ಒಮ್ಮೆ ನೋಡಿ.

ಕೋಲಾ ಹಾಕುವವರನ್ನು ನಾನು ಬೈಯುವುದಿಲ್ಲ, ಆದರೆ ಈ ಬಾಟಲಿಗೆ ಬೇಡ. ಕೋಲಾದ ಸಿಹಿ ಮತ್ತು ಹುಳಿ ಎಲ್ಲವನ್ನೂ ಒಂದೇ ರುಚಿಗೆ ತರುತ್ತವೆ. ಉದ್ದನೆಯ ಗ್ಲಾಸೇ ಬೇಕು ಅಂದರೆ ಗ್ರಾಗ್ ಮಾಡಿಕೊಳ್ಳಿ: 30 ಮಿ.ಲೀ. ರಮ್, 90 ಮಿ.ಲೀ. ನೀರು, ಒಂದು ಚಮಚ ಬೆಲ್ಲದ ಪಾಕ, ಕಾಲು ಹೋಳು ನಿಂಬೆ. ಐಸ್ ಬೇಕಾದರೆ ಒಂದು ಗಡ್ಡೆ. ಬೆಲ್ಲ ಹಾಕುವಾಗ ಬಿಳಿಚಿಕೊಂಡದ್ದು ಬೇಡ, ಕಪ್ಪು ಬೆಲ್ಲ ಒಳ್ಳೆಯದು. ಗೆಳೆಯರಿಗೆ ಇದನ್ನು ಕೊಟ್ಟರೆ ಕೋಲಾ ಕೇಳಲಾರರು ಅಂತ ನನ್ನ ನಂಬಿಕೆ.

ಕೊನೆಗೆ, ಇಡುವ ವಿಷಯ. ಬಾಟಲಿ ನಿಲ್ಲಿಸಿಯೇ ಇಡಿ. ಮಲಗಿಸಿದರೆ ಇಷ್ಟು ಗಟ್ಟಿ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳದ ಬೀರು ಸಾಕು, ಫ್ರಿಜ್ ಬೇಡ. ಮುಕ್ಕಾಲು ತುಂಬಿರುವವರೆಗೆ ವರ್ಷ ಕಳೆದರೂ ಚಿಂತೆ ಇಲ್ಲ. ಅರ್ಧಕ್ಕಿಂತ ಕೆಳಗೆ ಹೋದ ಮೇಲೆ ಒಳಗಿನ ಗಾಳಿ ಜಾಸ್ತಿಯಾಗಿ ಹಣ್ಣಿನ ಘಮ ಮೊದಲು ಸೋರುತ್ತದೆ, ಮರ ಮಾತ್ರ ಉಳಿಯುತ್ತದೆ. ಆಗ ಚೆನ್ನಾಗಿ ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿಡಿ. ಪ್ಲಾಸ್ಟಿಕ್ ಬೇಡ. ಕೆಚಪ್, ಉಪ್ಪಿನಕಾಯಿ ಇದ್ದ ಬಾಟಲಿಯೂ ಬೇಡ, ಎಷ್ಟು ತೊಳೆದರೂ ಅದರ ಮುಚ್ಚಳದಲ್ಲಿ ವಾಸನೆ ಉಳಿದಿರುತ್ತದೆ.